ಮುಂದಿನ ಸೀಟಿನ ಇಬ್ಬರು

ಸೋಮವಾರ ಬೆಳಿಗ್ಗೆ 9.10. ಕುರುಗೋಡು ಠಾಣೆಗೆ ಓಡಿಬಂದ ನಂದಿನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

"ನನ್ನ ಮಗಳು ಮೇಘಾ ಸಾಲಿಗೆ ಮುಟ್ಟಿಲ್ರಿ ಮೇಡಂ. ಆರು ವರ್ಷದಾಕಿ. ಬಾಗಿಲಿಗೆ ಈ ಚೀಟಿ ಸಿಗಿಸ್ಯಾರ."

ಇನ್‌ಸ್ಪೆಕ್ಟರ್ ನೀಲಾವತಿ ಓದಿದರು. 'ಇವತ್ತಿನಿಂದ ಟಂಟಂಗೆ ನಾಕೇ ಮಂದಿ ಅಂತ ಬರಿ. ಮುಂದಿನಿಬ್ಬರು ಲೆಕ್ಕಕ್ಕಿಲ್ಲ. ಹಂಗ ಬರದ್ರ ಮಗಳು ವಾಪಸ್ ಬರ್ತಾಳ.'

"ನಿಮ್ಮ ಕೆಲಸ ಏನು?"

"ರಸ್ತ್ಯಾಗ ನಿಂತು ಟಂಟಂ ಆಟೋದಾಗ ಹೋಗೋ ಮಂದಿ ಎಣಿಸೋದ್ರಿ. ಬಳ್ಳಾರಿಯಿಂದ ಸಿರುಗುಪ್ಪಕ್ಕ ರೈಲು ಹಾಕಾಕ ಸರ್ಕಾರ, ಕಂಪನಿ ಕೂಡಿ ರೊಕ್ಕ ಹಾಕ್ತಾವಂತ. ಎಷ್ಟು ಮಂದಿ ಓಡಾಡ್ತಾರ ನೋಡಿ ಆಮ್ಯಾಲ ಕರಾರು."

9.35ಕ್ಕೆ FIR ಆಯಿತು. ನೀಲಾವತಿಗೂ ಅದೇ ವಯಸ್ಸಿನ ಮಗಳಿದ್ದಳು. ಅವರಿಗೂ ಹೆದರಿಕೆಯಾಗಿತ್ತು, ಪೊಲೀಸರಿಗೆ ಹೆದರಿಕೆಯಾಗುವುದಿಲ್ಲ ಎನ್ನುವವರು ಒಂದು ದಿನ ಠಾಣೆಯಲ್ಲಿ ಕೂತು ನೋಡಬೇಕು.

ಚೀಟಿಯನ್ನು ಎರಡು ಸಲ ಓದಿದವನು ಕಾನ್‌ಸ್ಟೇಬಲ್ ಮರಿಬಸಪ್ಪ. ಅವನ ತಮ್ಮ ಟಂಟಂ ಓಡಿಸಿದವನು.

"ಇದು ಡ್ರೈವರ್ ಬರದದ್ದೇ ಮೇಡಂ. ಮುಂದ ಡ್ರೈವರ್ ಬಾಜೂಕ ಕೂಡೋ ಇಬ್ಬರ ಬಾಡಿಗಿ ಸ್ಟ್ಯಾಂಡಿನ ಲೆಕ್ಕಕ್ಕ ಹೋಗಂಗಿಲ್ಲ, ಅದು ಡ್ರೈವರ್‌ದು. ಬ್ಯಾರೆಯವ್ರಿಗೆ ಇದು ತಲ್ಯಾಗೂ ಬರಂಗಿಲ್ಲ."

ಸ್ಟ್ಯಾಂಡಿನ ಪಾಳಿ ಪುಸ್ತಕದಲ್ಲಿ ಬೆಳಿಗ್ಗೆ 8.20ರ ಪಾಳಿ ತಪ್ಪಿಸಿಕೊಂಡವನು ಒಬ್ಬನೇ, ಭೀಮರಾಜ. ಅವನ ಫೋನ್ ಬಂದ್ ಆಗಿತ್ತು. ಹೆಂಡತಿಯ ತವರು ದೇಶನೂರು ಎಂದು ಜೊತೆಗಾರರು ಹೇಳಿದರು. ಜೀಪು ಸಿರುಗುಪ್ಪದ ದಾರಿ ಹಿಡಿಯಿತು. ಎರಡೂ ಕಡೆ ಕಾಲುವೆ ತುಂಬಿ ಹರಿಯುತ್ತಿತ್ತು. ನಂದಿನಿ ನೀರಿನ ಕಡೆ ನೋಡದೆ ಕಣ್ಣು ಮುಚ್ಚಿ ಕೂತಿದ್ದಳು.

12.50. ದೇಶನೂರಿನ ಆ ಮನೆಯ ಮುಂದೆ ಭೀಮರಾಜನ ಟಂಟಂ ನಿಂತಿತ್ತು. ಒಳಗೆ ಮೇಘಾ ಮಂಡಕ್ಕಿ ತಿನ್ನುತ್ತಿದ್ದಳು. ನಂದಿನಿ ಹೊಸ್ತಿಲು ದಾಟಿ ಅವಳನ್ನು ಎತ್ತಿಕೊಂಡಳು. ಭೀಮರಾಜ ಓಡಲಿಲ್ಲ. ಪಂಚರ ಮುಂದೆ ಗಾಡಿಯ ಪಂಚನಾಮೆ ಮಾಡಿ, ಚೀಟಿಯ ಹಾಳೆ ಹರಿದಿದ್ದ ನೋಟ್‌ಬುಕ್ಕನ್ನು ಪೊಲೀಸರು ವಶಪಡಿಸಿಕೊಂಡರು.

"ಯಾಕ್ ಮಾಡಿದಿ?" ನೀಲಾವತಿ ಕೇಳಿದರು.

"ರೈಲು ಬಂದ್ರ ಮೂವತ್ತು ವರ್ಷ ಆ ದಾರ್ಯಾಗ ಟಂಟಂ ಬಿಡಂಗಿಲ್ಲಂತ್ರಿ, ಕಂಪನಿ ಹಂಗ ಕರಾರು ಕೇಳೈತಿ. ಮಂದಿ ಕಡಿಮಿ ಅಂದ್ರ ಕಂಪನಿ ಹಿಂದ ಸರಿತೈತಿ ಅನಕಂಡೆ. ಹುಡುಗಿ ಮೈ ಮುಟ್ಟಿಲ್ರಿ, ದೇವರಾಣಿ."

ನಂದಿನಿ ಮೊದಲ ಸಲ ಅವನ ಕಡೆ ತಿರುಗಿದಳು. "ಮಂದಿ ಕಡಿಮಿ ಬಿದ್ರ ಕಂಪನಿಗೆ ಲುಕ್ಸಾನಿಲ್ಲಣ್ಣ. ಕೊರತಿ ಸರ್ಕಾರ ತುಂಬಿಕೊಡ್ತೈತಿ, ಎಷ್ಟು ತುಂಬಬೇಕಂತ ನೋಡಾಕ ಈ ಎಣಿಕಿ. ನಮಗ ಮೊದಲನೇ ದಿನಾನೇ ಹೇಳ್ಯಾರ."

"ಹಂಗಾರ ನಾಕು ಮಂದಿ ಹತ್ತಿದ್ರೂ ರೈಲು ಬರ್ತೈತೇನು?"

"ಬರ್ತೈತಿ."

ಭೀಮರಾಜ ಹೊಸ್ತಿಲ ಮೇಲೆ ಕೂತು ಅಳತೊಡಗಿದ. 1.30ಕ್ಕೆ ಬಂಧನ ದಾಖಲಾಯಿತು. ಕಾರಣದ ಜಾಗದಲ್ಲಿ ನೀಲಾವತಿ 'ಜೀವನೋಪಾಯ ಹೋಗುವ ಭಯ' ಎಂದಷ್ಟೇ ಬರೆದರು.

"ಮಾಮಾ ಯಾಕ ಅಳಾಕತ್ಯಾನ? ಇವತ್ತು ಸಾಲಿ ರಜಾ ಅಂದಿದ್ದ," ಎಂದು ಮೇಘಾ ಕೇಳಿದಳು. ಸಂಜೆ ಕುರುಗೋಡಿನಲ್ಲಿ ಜೀಪಿನಿಂದ ಇಳಿದಾಗ ಟಂಟಂಗಳು ಸಾಲಾಗಿ ನಿಂತಿದ್ದವು, ಡ್ರೈವರ್‌ಗಳು ಮನೆ ದಾರಿಗೆ ಮಂದಿಯನ್ನು ಕರೆಯುತ್ತಿದ್ದರು. ಮಗಳ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದು ನಂದಿನಿ ನಡೆದೇ ಹೋದಳು.