ಆರು ಡಿಗ್ರಿಯ ಟೊಮೆಟೊ

ಪರಾಗಶೋಧಕ ಯಂತ್ರವು ದುಂಬಿಯಂತೆ ಗುಂಯ್ಗುಡುತ್ತ ಹೂವಿನಿಂದ ಹೂವಿಗೆ ಸರಿಯುತ್ತಿತ್ತು. ಅದರ ಕೊಳವೆ ಸೋಕಿದೊಡನೆ ಟೊಮೆಟೊ ಹೂವು ನಡುಗಿ ಪರಾಗ ಉದುರಿಸುತ್ತಿತ್ತು. ಒಳಗಿನ ಶೀತಫಲಕದ ಮೇಲೆ, ಆರು ಡಿಗ್ರಿ ಚಳಿಯಲ್ಲಿ, ಯಾವ ಕಣಗಳು ಮೊದಲು ಎಚ್ಚೆತ್ತವೋ ಅವನ್ನಷ್ಟೇ ಯಂತ್ರ ಆರಿಸಿ ಇನ್ನೊಂದು ಹೂವಿಗೆ ಮುಟ್ಟಿಸುತ್ತಿತ್ತು.

"ಅಂದ್ರ ಸ್ವಯಂವರ ಅನ್ನರಿ ಅಕ್ಕಾರ," ಎಂದರು ಅಡುಗೆಯ ಫಕ್ಕೀರಪ್ಪ.

"ಹೌದು. ಚಳಿ ತಡೆದವನಿಗೇ ಮಾಲೆ," ಎಂದರು ತಳಿವಿಜ್ಞಾನಿ ಡಾ. ಅಂಬುಜಾಕ್ಷಿ.

ದಕ್ಷಿಣ ಧ್ರುವದ ಆ ನೆಲೆಯಲ್ಲಿ ಹದಿಮೂರು ಜನರಿದ್ದರು. ವಿದ್ಯುತ್ಕೋಶಗಳು ವರ್ಷದಿಂದ ವರ್ಷಕ್ಕೆ ಸೊರಗುತ್ತಿದ್ದವು. ಹಸಿರುಮನೆಯನ್ನು ಬೆಚ್ಚಗಿಡಲು ಅರ್ಧದಷ್ಟು ಶಕ್ತಿ ಹೋಗುತ್ತಿತ್ತು. ಚಳಿಯಲ್ಲಿ ಕಾಯಿ ಕಚ್ಚುವ ತಳಿ ಈ ಸಲವೂ ಬಾರದಿದ್ದರೆ ಗಿಡಗಳನ್ನು ಕೀಳಿಸುವುದಾಗಿ ನೆಲೆಯ ಮುಖ್ಯಸ್ಥ ಲ್ಯಾನ್ಸಿ ಪಿಂಟೊ ಹೇಳಿಬಿಟ್ಟಿದ್ದರು.

ಬೆಚ್ಚಗಿದ್ದ ಕೋಣೆ ಹಸಿರುಮನೆಯೊಂದೇ ಆದ್ದರಿಂದ ಸಂಜೆ ಎಲ್ಲರೂ ಅಲ್ಲಿಯೇ ಸೇರುತ್ತಿದ್ದರು. ಗದಗಿನ ಕಡೆಯ ಫಕ್ಕೀರಪ್ಪ ಗಿಡಗಳ ನಡುವೆ ಮಣೆ ಹಾಕಿಕೊಂಡು ಭಾರತ ಓದುತ್ತಿದ್ದರು. ಪದ್ಯ ಮುಗಿದಾಗ ಕೇಳುವವರು ಹೂಂಗುಟ್ಟಬೇಕು. ಇಲ್ಲದಿದ್ದರೆ ಅವರು ಪುಟ ತಿರುಗಿಸುತ್ತಿರಲಿಲ್ಲ. ಕನ್ನಡ ಬಾರದವರೂ ಹೂಂ ಎನ್ನುವುದನ್ನು ಕಲಿತಿದ್ದರು.

ಏಳನೆಯ ತಲೆಮಾರಿನ ಗಿಡ ಪರೀಕ್ಷೆಯ ಶೀತಗೂಡಿನಲ್ಲಿ, ಆರು ಡಿಗ್ರಿಯಲ್ಲೇ ಕಾಯಿ ಕಚ್ಚಿತು. ಒಂದೇ ಗೊಂಚಲಲ್ಲಿ ಹನ್ನೊಂದು. ಅಂಬುಜಾಕ್ಷಿ ಎಣಿಸಿದರು, ನಂಬಿಕೆಯಾಗದೆ ಮತ್ತೆ ಎಣಿಸಿದರು, ಓಡಿಹೋಗಿ ಪಿಂಟೊ ಅವರನ್ನು ತೋಳು ಹಿಡಿದು ಎಳೆದುಕೊಂಡು ಬಂದರು.

"ಇದು ಭಾರೀ ಆಯ್ತು ಮಾರಾಯ್ರೆ," ಎಂದ ಪಿಂಟೊ ಅಂದೇ ಹಸಿರುಮನೆಯ ಶಾಖವನ್ನು ಆರು ಡಿಗ್ರಿಗೆ ಇಳಿಸಿದರು.

ಗಿಡಗಳು ಹಣ್ಣಿನ ಭಾರಕ್ಕೆ ಬಾಗಿದವು. ದಿನವೂ ಸಾರು, ದಿನವೂ ಗೊಜ್ಜು. ಆದರೆ ಕೊರೆಯುವ ಆ ಕೋಣೆಯಲ್ಲಿ ಯಾರೂ ಕೂರಲಿಲ್ಲ. ಬಟ್ಟಲು ಹಿಡಿದು ತಂತಮ್ಮ ಗೂಡು ಸೇರಿದರು. ಪಿಂಟೊ ಮೈಕ್ ಕೊಟ್ಟು, ಎಲ್ಲರ ಕೋಣೆಗೂ ಓದು ಕೇಳುವಂತೆ ಮಾಡಿದರು. ಫಕ್ಕೀರಪ್ಪ ಒಂದು ಪದ್ಯ ಓದಿ, ಕಾದು, ಪುಸ್ತಕ ಮುಚ್ಚಿದರು.

"ಯಾಕೆ ನಿಲ್ಲಿಸಿದಿರಿ?" ಅಡುಗೆಮನೆಗೆ ಬಂದು ಅಂಬುಜಾಕ್ಷಿ ಕೇಳಿದರು.

"ಹೂಂ ಬರಲಿಲ್ರೀ." ಸೌಟು ಒರೆಸುತ್ತ ಅವರೆಂದರು, "ಗಿಡಕ್ಕ ಏಳು ತಲಿಮಾರಿನಾಗ ಚಳಿ ರೂಢಿ ಮಾಡಿಸಿದ್ರಿ. ಮಂದಿಗೆ ಎಷ್ಟು ಬೇಕೋ ಏನೋ."



ಮರುದಿನ ಅಂಬುಜಾಕ್ಷಿ ಪಿಂಟೊ ಎದುರು ನಿಂತರು. "ಬೀಜ ಮಾಡಬೇಕು ಸರ್. ತಿರುಳು ಎರಡು ದಿನ ಬೆಚ್ಚಗೆ ಹುಳಿತರೇ ಬೀಜದ ಲೋಳೆ ಬಿಡೋದು. ಒಂದು ಬೆಚ್ಚಗಿನ ಕೋಣೆ ಬೇಕು."

"ಒಂದು ಬಟ್ಟಲಿಗೆ ಕೋಣೆ ಯಾಕೆ? ಪೆಟ್ಟಿಗೆ ಸಾಕಲ್ವಾ?"

"ಬೀಜಕ್ಕೆ ಸಾಕು. ನಾನು ಕೇಳ್ತಿರೋದು ಕೋಣೆ. ಗಿಡಗಳು ಉಳಿಸಿಕೊಟ್ಟ ಶಾಖದಲ್ಲಿ ಹತ್ತರಲ್ಲಿ ಒಂದು ಪಾಲು."

ಪಿಂಟೊ ಪೆನ್ನಿನ ಮುಚ್ಚಳ ತೆಗೆದರು. ಒಪ್ಪಿಗೆಯ ಸಹಿ ಹಾಕಿದರು.

ಸಂಜೆ ಉಗ್ರಾಣದ ಪಕ್ಕದ ಕೋಣೆ ಬೆಚ್ಚಗಾಯಿತು. ನಡುವೆ ಬಟ್ಟೆ ಮುಚ್ಚಿದ ಬಟ್ಟಲು, ಸುತ್ತ ಭುಜಕ್ಕೆ ಭುಜ ತಾಗಿಸಿ ಕುಳಿತ ಜನ. ಬಿಟ್ಟಲ್ಲಿಂದಲೇ ಓದು ಶುರುವಾಯಿತು: ಪಾಂಡವರು ಕಾಡಿನ ದಾರಿ ಹಿಡಿದಿದ್ದರು. ಪದ್ಯ ಮುಗಿಸಿ ಫಕ್ಕೀರಪ್ಪ ತಲೆ ಎತ್ತಿದರು.

ಬಾಗಿಲ ಬಳಿ ಇನ್ನೂ ನಿಂತೇ ಇದ್ದ ಪಿಂಟೊ, ಎಲ್ಲರಿಗಿಂತ ಮೊದಲು, "ಹೂಂ" ಎಂದರು.