ಉದುರದ ಕಪ್ಪು

ಉಡುಪು ತೊಡಿಸಿದ್ದ ಬೊಂಬೆಯ ಬೆನ್ನ ಮೇಲಿನ ದಾರವನ್ನು ಸಣ್ಣಿ ಎಳೆದಳು. ದಾರ ಸಲೀಸಾಗಿ ಕೈಗೆ ಬಂತು. ಕಪ್ಪು ಉಡುಪು ಮಾತ್ರ ಕದಲಲಿಲ್ಲ.

ಬೆನ್ನಿಗೆ ಯಾರೋ ಗಟ್ಟಿ ಹೊಲಿಗೆ ಹಾಕಿದ್ದರು.

ಒಂದು ವರ್ಷ ತಲೆ ಕೆಡಿಸಿಕೊಂಡು ಮಾಡಿದ ಉಡುಪು ಅದು. ಹೊರಪದರ, ತೀರಿಕೊಂಡ ಅಣ್ಣನ ಕೋಟುಗಳನ್ನು ಕತ್ತರಿಸಿ ಜೋಡಿಸಿದ ಭಾರದ ಕಪ್ಪು. ಒಳಗೆ ತೆಳು ಹಳದಿ ರೇಷ್ಮೆ. ಬೆನ್ನಿಗೆ ಬರೀ ಕಚ್ಚಾ ಹೊಲಿಗೆ. ವೇದಿಕೆಯ ಮೇಲೆ ತೊಟ್ಟವಳು ದಾರ ಎಳೆದರೆ ಕಪ್ಪು ನೆಲಕ್ಕೆ ಬೀಳಬೇಕು, ಹಳದಿ ಕಾಣಬೇಕು. ದುಃಖ ಕಳಚುವುದನ್ನು ಬಟ್ಟೆಯಲ್ಲಿ ಹೇಳುವ ಹುಚ್ಚು ಅವಳದು. ಪ್ರದರ್ಶನ ಸಂಜೆ ನಾಲ್ಕಕ್ಕೆ. ಗೆದ್ದರೆ ಹೆಸರಾಂತ ವಿನ್ಯಾಸಕರ ಬಳಿ ಕೆಲಸ; ಸೋತರೆ ಮತ್ತೆ ಶಾಲಾ ಸಮವಸ್ತ್ರಗಳಿಗೆ ಗುಂಡಿ ಹಚ್ಚುವುದು.

ಪಕ್ಕದ ಮನೆಯ ನಿವೃತ್ತ ಪೊಲೀಸ್ ಅಧಿಕಾರಿ, ಬೀದಿಗೆಲ್ಲ ಇನ್ಸ್‌ಪೆಕ್ಟರಮ್ಮ, ಸಣ್ಣಿ ಕರೆದದ್ದೇ ಚಹಾದ ಲೋಟ ಹಿಡಿದೇ ಬಂದರು. ಬೊಂಬೆಯನ್ನು ಒಂದು ಸುತ್ತು ಹಾಕಿದರು.

"ನೀನಿಲ್ಲದಾಗ ಈ ಕೋಣೇಲಿ ಯಾರಿದ್ರು?"

"ನಿನ್ನೆ ಮಧ್ಯಾಹ್ನ ನಾನು ಪ್ರದರ್ಶನದ ಸಭಾಂಗಣ ನೋಡೋಕೆ ಹೋಗಿದ್ದೆ, ಮೇಡಂ. ಮಾಸ್ಟರ್ ಸ್ವಲ್ಪ ಹೊತ್ತು ಇದ್ರು. ಗೆಳತಿ ಬಂದು ಹೋಗಿದ್ದಾಳೆ. ಅವಳೂ ಸ್ಪರ್ಧೇಲಿದ್ದಾಳೆ."

ಕತ್ತರಿಸುವ ಮೇಜಿನ ಹಿಂದಿದ್ದ ಮುದುಕ ಟೈಲರ್ ಮಾಸ್ಟರ್ ಮುಖ ಸಿಂಡರಿಸಿದ.

"ಕಚ್ಚಾ ಹೊಲಿಗೇಲಿ ಬಟ್ಟೆ ಕಳಿಸಿದ್ರೆ ನನ್ನ ಮರ್ಯಾದೆ ಹೋಗುತ್ತೆ ಅಂದಿದ್ದೆ, ನಿಜ. ಅಂದಿದ್ದಷ್ಟೆ. ಕೈ ಹಚ್ಚಿಲ್ಲ."

"ಈ ಕೆಲಸ ನೋಡಿ ಹೇಳಿ."

ಮಾಸ್ಟರ್ ಬಗ್ಗಿ ಬೆನ್ನ ಮೇಲೆ ಬೆರಳಾಡಿಸಿದ.

"ಕೈ ಹೊಲಿಗೆ. ಹಳೇ ಕೈ. ಆದ್ರೆ ಕತ್ತಿನಿಂದ ಕಾಲಿನವರೆಗೆ ಒಂದೇ ದಾರ, ನಡುವೆ ಗಂಟೇ ಇಲ್ಲ. ನಾವು ಯಾರೂ ಇಷ್ಟುದ್ದ ತಗೊಳಲ್ಲ, ಸಿಕ್ಕಾಗುತ್ತೆ. ತೋಳುದ್ದ ಮುಗಿದ್ಮೇಲೆ ಇನ್ನೊಂದು ಪೋಣಿಸ್ತೀವಿ."

ಸಣ್ಣಿಯ ತಾಳ್ಮೆ ಕೆಟ್ಟಿತು. "ಗೆಳತೀದೇ ಕೆಲಸ. ನಾನು ಸೋತ್ರೆ ಅವಳಿಗೇ ಲಾಭ."

"ಅವಳಾಗಿದ್ರೆ ಕತ್ತರಿ ಆಡಿಸ್ತಿದ್ಲು," ಎಂದರು ಇನ್ಸ್‌ಪೆಕ್ಟರಮ್ಮ. "ನೋಡು, ರೇಷ್ಮೆಗೆ ಒಂದು ಸಲಾನೂ ಸೂಜಿ ತಾಕಿಲ್ಲ. ಹಾಳು ಮಾಡೋರಿಗೆ ಇಷ್ಟು ಜೋಪಾನ ಯಾಕೆ?"

ಕಿಟಕಿಯ ಪಕ್ಕ ತಾಯಿ ಕೂತಿದ್ದಳು. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಇನ್ಸ್‌ಪೆಕ್ಟರಮ್ಮ ಅವಳತ್ತ ತಿರುಗಿದರು.

"ನೀವೂ ಇಲ್ಲೇ ಇದ್ರಿ, ಅಲ್ವಾ?"

"ಇದ್ದೆ. ನನಗೇನು ಕಾಣುತ್ತೆ? ಸೂಜಿ ಪೋಣಿಸೋಕೂ ಕಣ್ಣಿಲ್ಲ."

"ನಿಜ, ಮೇಡಂ," ಎಂದಳು ಸಣ್ಣಿ. "ಅಮ್ಮಂಗೆ ಪೊರೆ ಬಂದಿದೆ. ನಾನೇ ಪೋಣಿಸಿ ಕೊಡ್ತೀನಿ."

"ಕೊನೇ ಸಲ ಯಾವಾಗ ಕೊಟ್ಟೆ?"

"ನಿನ್ನೆ, ಹೊರಡೋ ಅವಸರದಲ್ಲಿ. ದಿಂಬಿನ ಚೀಲ ಹರಿದಿದೆ, ಉದ್ದಕ್ಕೆ ಪೋಣಿಸು ಅಂದ್ಲು."

"ಬಣ್ಣ?"

"ಕಪ್ಪು—"

ಮನೆಯ ದಿಂಬಿನ ಚೀಲಗಳೆಲ್ಲ ಬಿಳಿ.

ಇನ್ಸ್‌ಪೆಕ್ಟರಮ್ಮ ಮೆತ್ತಗೆ ಹೇಳಿದರು: "ದಾರ ಮುಗಿದ್ರೆ ಮತ್ತೆ ಪೋಣಿಸೋಕಾಗದವರಿಗೆ ಮಾತ್ರ ಅಷ್ಟುದ್ದ ಬೇಕು. ಕಣ್ಣಿಲ್ಲದಿದ್ರೂ ಬೆರಳಿಗೆ ಹೊಲಿಗೆ ಮರೆಯಲ್ಲ. ಸೂಜಿ ಕೊಟ್ಟವಳು ನೀನು, ಸಣ್ಣಿ. ಹೊಲಿದವರು ನಿಮ್ಮಮ್ಮ."

ಮಾಸ್ಟರ್ ಸದ್ದಿಲ್ಲದೆ ಹೊರಗೆ ಹೋದ. ಸಣ್ಣಿಗೆ ಕೋಪಕ್ಕಿಂತ ಹೆಚ್ಚಾಗಿ ಅಳು ಬಂತು.

"ಯಾಕಮ್ಮ? ನಾನು ಅಣ್ಣ ಹೋದ ದುಃಖದಿಂದ ಹೊರಗೆ ಬರೋದು ನಿನಗೆ ಬೇಡ್ವಾ?"

"ನೀನು ಬಾ. ಬೇಡ ಅಂದೋರು ಯಾರು?" ತಾಯಿ ಉಡುಪಿನತ್ತ ಕೈ ತೋರಿದಳು. "ಅವನ ಕೋಟು ಕಣೇ. ತೊಟ್ಟ ಹುಡುಗಿ ಅದನ್ನ ನೆಲಕ್ಕೆ ಬೀಳಿಸಿ, ದಾಟ್ಕೊಂಡು ಹೋಗ್ತಾಳೆ ಅಂದ್ಯಲ್ಲ. ಕಾಲ ಕೆಳಗೆ. ಎಲ್ಲರ ಮುಂದೆ."

ಸಣ್ಣಿ ವರ್ಷವಿಡೀ ಕಾಗದದ ಮೇಲೆ ಆ ಬೀಳುವಿಕೆಯನ್ನು ಹತ್ತಾರು ಬಗೆಯಲ್ಲಿ ಬಿಡಿಸಿದ್ದಳು; ಬಿದ್ದದ್ದು ಎಲ್ಲಿ ಬೀಳುತ್ತದೆ ಎಂದು ಯೋಚಿಸಿರಲಿಲ್ಲ.

ಆಮೇಲೆ ಹೊಲಿಗೆ ಬಿಚ್ಚತೊಡಗಿದಳು. ಕಪ್ಪಿನ ಮೇಲೆ ಕಪ್ಪು ದಾರ. ಎರಡು ಗಂಟೆ ಹಿಡಿಯಿತು. ತಾಯಿ ಗೋಡೆ ಕಡೆ ಮುಖ ಮಾಡಿಕೊಂಡೇ ಇದ್ದಳು. ಕೊನೆಯ ಹೊಲಿಗೆ ಬಿಚ್ಚಿದ ಮೇಲೆ ಸಣ್ಣಿ ಮತ್ತೆ ಕಚ್ಚಾ ಹೊಲಿಗೆ ಹಾಕಿದಳು. ಹೋಗಿ ತಾಯಿಯ ಮುಂದೆ ಕೂತಳು.

"ನೆಲಕ್ಕೆ ಬೀಳಲ್ಲಮ್ಮ. ಮುಂದಿನ ಸಾಲಲ್ಲಿ ನೀನು ಕೂತಿರು. ತೊಟ್ಟವಳು ಕಳಚಿ ನಿನ್ನ ಕೈಗೇ ಕೊಡ್ತಾಳೆ."

ತಾಯಿ ಮಗಳತ್ತ ಮುಖ ತಿರುಗಿಸಿದಳು.

"ನನಗೆ ದೂರದ್ದು ಕಾಣಲ್ಲ," ಎಂದಳು. "ಹತ್ತಿರ ಬಂದು ಕೊಡು ಅಂತ ಹೇಳು ಆ ಹುಡುಗಿಗೆ."