ಎದುರಿನ ಕುರ್ಚಿ

"ನನ್ನ ಆಟ ಸಪ್ಪೆ ಅಂತ ಬರೆದವರು ನೀವೇನಾ?"

ಡಬ್ಬಿ ಧಡ್ ಎಂದು ಮೇಜಿನ ಮೇಲೆ ಬಿತ್ತು. ಬೋರ್ಡ್ ಗೇಮ್ ಕೆಫೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳ ಎದೆಯೂ ಧಡ್ ಎಂದಿತು!

ಅವಳು ಹೊಸ ಆಟಗಳ ವಿಮರ್ಶಕಿ. ಅವನು ಆ ಡಬ್ಬಿಯೊಳಗಿನ ಸೇತುವೆ ಆಟ ರೂಪಿಸಿದವನು. ಅವಳ ವಿಮರ್ಶೆ ಓದಿ, ಆಟವನ್ನು ಅಚ್ಚು ಹಾಕಿಸಬೇಕಿದ್ದವರು ಹಿಂದೆ ಸರಿದಿದ್ದರು; ಆ ಸುದ್ದಿ ಅವಳ ಕಿವಿಗೂ ಬಿದ್ದಿತ್ತು.

"ಸಪ್ಪೆ ಇದ್ದದ್ದನ್ನ ಸಪ್ಪೆ ಅಂದೆ. ತಪ್ಪಾ?" ಜಂಭ ನೋಡಿ ಹುಡುಗಿಯದು!

"ಯಾರ ಜೊತೆ ಆಡಿದ್ರಿ, ಅದನ್ನ ಹೇಳಿ."

ಅವಳ ಬೆರಳುಗಳು ದಾಳವನ್ನು ಉರುಳಿಸುತ್ತಲೇ ಇದ್ದವು. ಏನಂತ ಹೇಳೋದು...? ಅಕ್ಕ ಮದುವೆಯಾಗಿ ಹೋದ ಮೇಲೆ ಅವಳಿಗೆ ಜೊತೆಗಾರರೇ ಇರಲಿಲ್ಲ. ಈ ಕುರ್ಚಿಯಲ್ಲೊಮ್ಮೆ, ಆ ಕುರ್ಚಿಯಲ್ಲೊಮ್ಮೆ ಕೂತು ಇಬ್ಬರ ಆಟವನ್ನೂ ತಾನೇ ಆಡುತ್ತಿದ್ದಳು.

"ಅದೆಲ್ಲ ನಿಮಗ್ಯಾಕೆ?" ಎಂದವಳೇ ಬ್ಯಾಗ್ ಎತ್ತಿಕೊಂಡು ಹೊರಟುಬಿಟ್ಟಳು.

ಮನೆಯಲ್ಲಿ ಕೂತರೂ ನೆಮ್ಮದಿಯಿಲ್ಲ, ನಿಂತರೂ ಇಲ್ಲ. ನಿಯಮಗಳನ್ನು ಮತ್ತೆ ಓದಿದಳು. ಇಬ್ಬರು ಎರಡು ದಡದಿಂದ ಬಿಲ್ಲೆಗಳನ್ನಿಟ್ಟು ಸೇತುವೆ ಕಟ್ಟಬೇಕು. ಕೈಯಲ್ಲಿರುವ ಬಿಲ್ಲೆ ತೋರಿಸಬಾರದು, ಮಾತಾಡಬಾರದು, ಎದುರಿನವರ ಮನಸ್ಸನ್ನು ಊಹಿಸಬೇಕು.

ಎರಡೂ ಕೈ ನನ್ನದೇ ಆದರೆ ಊಹಿಸೋದೇನಿತ್ತು? ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ!

ಅಕ್ಕನಿಗೆ ಫೋನ್ ಮಾಡಿದಳು. "ತಪ್ಪು ಒಪ್ಕೊಂಡ್ರೆ, ನಾನು ಒಬ್ಬಳೇ ಆಡ್ತೀನಿ ಅಂತ ಊರಿಗೆಲ್ಲ ಗೊತ್ತಾಗುತ್ತೆ ಕಣೇ!"

"ಗೊತ್ತಾಗ್ಲಿ ಬಿಡೇ. ಆಗಲಾದ್ರೂ ಯಾರಾದ್ರೂ ಆಡೋಕೆ ಬರ್ತಾರೆ!"

ಅಳುತ್ತಲೇ ನಕ್ಕಳು. ಇದ್ದದ್ದನ್ನು ಇದ್ದ ಹಾಗೆ ಬರೆದು ಹಾಕಿದಳು.

ಮರುದಿನ ಕೆಫೆಯಲ್ಲಿ ಬಾಗಿಲು ನೋಡಿ ನೋಡಿ ಕಣ್ಣು ಸೋತಿತು. ಬರ್ತಾನಾ...? ಯಾಕಾದರೂ ಬಂದಾನು!

ಬಂದ. ಎದುರಿನ ಕುರ್ಚಿ ಎಳೆದುಕೊಂಡು ಡಬ್ಬಿ ತೆರೆದ.

ಅವನೊಂದು ಬಿಲ್ಲೆ ಇಟ್ಟ. ಅವಳೊಂದು ಇಟ್ಟಳು. ಅವನ ಹುಬ್ಬು ಗಂಟಾಯಿತು. ಸರಿಯಾಯಿತೋ, ಕೆಟ್ಟಿತೋ? ಕೇಳುವ ಹಾಗಿಲ್ಲ! ಊಹೆಯ ಮೇಲೆಯೇ ಇನ್ನೊಂದು ಬಿಲ್ಲೆ ಇಟ್ಟಳು.

ಬಿಲ್ಲೆಗಳು ಮುಗಿದವು. ಸೇತುವೆ ಕೂಡಲಿಲ್ಲ, ನಡುವೆ ಒಂದು ಬಿಲ್ಲೆಯಷ್ಟು ಜಾಗ ಉಳಿದಿತ್ತು.

"ಸೋತ್ವಿ," ಅಂದ. "ಆಟ ಹೇಗಿತ್ತು?"

"ಜೀವ ಬಾಯಿಗೆ ಬಂದಿತ್ತು! ನಿಮ್ಮ ಮನಸ್ಸಲ್ಲಿ ಏನಿದೆ ಅಂತ ಗೊತ್ತೇ ಆಗಲ್ಲ... ಅಚ್ಚು ಹಾಕಿಸೋರು ಏನಂದ್ರು?"

"ಬೆಳಿಗ್ಗೆ ಅವರೇ ಫೋನ್ ಮಾಡಿದ್ರು. ಮತ್ತೆ ನೋಡ್ತಾರಂತೆ."

"ಹಾಗಾದ್ರೆ ಅದನ್ನ ಹೇಳೋಕೆ ಬಂದ್ರಾ?"

"ಅಲ್ಲ. ನಿಮ್ಮ ಬರಹ ಓದೇ ಆಟ ಕಟ್ಟೋದು ಕಲಿತೋನು ನಾನು. ನಿಮಗೋಸ್ಕರಾನೇ ಈ ಆಟ ಮಾಡಿದ್ದು. ಅದಕ್ಕೇ ಅವತ್ತು ಅಷ್ಟು ನೋವಾಯ್ತು." ಅವನ ಧ್ವನಿ ಸಣ್ಣಗಾಯಿತು. "ಈ ಕುರ್ಚಿ ನನಗೇ ಕೊಡ್ತೀರಾ? ಯಾವಾಗ್ಲೂ?"

ದಾಳ ಉರುಳಿಸುತ್ತಿದ್ದ ಅವಳ ಬೆರಳುಗಳು ಕೊನೆಗೂ ಸುಮ್ಮನಾದವು.

"ಕೊಡ್ತೀನಿ... ಆದ್ರೆ ಆಟ ಸಪ್ಪೆ ಇದ್ರೆ ಸಪ್ಪೆ ಅಂತಾನೇ ಬರೀತೀನಿ!"

"ಬರೀರಿ. ಆದ್ರೆ ನನ್ನ ಜೊತೆ ಆಡಿ ಆಮೇಲೆ ಬರೀರಿ."